ಡಬ್ಬಾ ಕಾರಿನ ಗಾಜು

ಹೋದ ತಿಂಗಳು ಇಂದಿರಾನಗರದ ಒಂದು ಕಾಫಿ ಅಂಗಡಿಯ ಮುಂದೆ ಸುಮ್ಮನೆ ನಿಂತುಬಿಟ್ಟೆ. ಬಾಗಿಲ ಪಕ್ಕದಲ್ಲಿ ಹಳೇ ಏಟ್ ಹಂಡ್ರೆಡ್ ಕಾರೊಂದನ್ನು ನಿಲ್ಲಿಸಿ, ನಿಂಬೆಹಣ್ಣಿನ ಬಣ್ಣ ಬಳಿದು, ಡಿಕ್ಕಿಯಲ್ಲಿ ಹೂವಿನ ಗಿಡ ನೆಟ್ಟಿದ್ದರು. ಬಂದವರು ಅದಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಚೌಕ ಮೂತಿ, ನೆಟ್ಟಗಿನ ಬೆನ್ನು. ಮೊಟ್ಟಮೊದಲ ಮಾದರಿಯ ಕಾರು. ಯಾರೋ ಆಗತಾನೇ ಸೋಪಿನ ನೀರು ಹಾಕಿ ತೊಳೆದಿದ್ದರು. ಮುಂದಿನ ಗಾಜಿನ ಸುತ್ತ ಇರುವ ರಬ್ಬರು ನೆನೆದು ಬಿಸಿಲಿಗೆ ವಾಸನೆ ಬಿಡುತ್ತಿತ್ತು. ಬಟ್ಟೆ ಸೋಪು ಮತ್ತು ಹಳೇ ರಬ್ಬರು. ಈ ಎರಡು ವಾಸನೆ ಕೂಡಿದರೆ ಸಾಕು, ಮೂರನೆಯದೊಂದು ನನ್ನ ಮೂಗಿಗೆ ತಾನಾಗಿ ಬರುತ್ತದೆ. ಅದು ಕಾವಿಗೆ ಕೂತ ಕೋಳಿಯ ವಾಸನೆ.

ಅದು ಎರಡು ಸಾವಿರದ ಇಸವಿಯ ಮಳೆಗಾಲ. ನನಗಾಗ ಇಪ್ಪತ್ತೊಂಬತ್ತು ವರ್ಷ. ಶ್ರೀನಿವಾಸಪುರದಲ್ಲಿ ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು, ಮಾವಿನ ಮಂಡಿಯಲ್ಲಿ ಮೂಟೆ ಹೊತ್ತು, ಆಮೇಲೆ ಶಿವಾಜಿನಗರದ ಗುಜರಿ ಬೀದಿಗೆ ಬಂದು ಸೇರಿದ್ದೆ. ಹಳೇ ಕಾರುಗಳನ್ನು ಬಿಚ್ಚಿ, ಬಾಗಿಲು ಬೇರೆ, ದೀಪ ಬೇರೆ, ಇಂಜಿನ್ ಬೇರೆ ಮಾಡಿ ಮಾರುವ ಬೀದಿ ಅದು. ನಮ್ಮ ಅಂಗಡಿಯ ಯಜಮಾನರನ್ನು ಎಲ್ಲರೂ ಉಸ್ತಾದ್ ಅಂತಲೇ ಕರೆಯುತ್ತಿದ್ದರು. ಅವರಿಗೆ ಅರವತ್ತು ದಾಟಿತ್ತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಅಂದರೆ ಎದ್ದು ಮಸೀದಿಯ ಕಡೆ ಹೋಗಿಬಿಡುತ್ತಿದ್ದರು. ಆದರೆ ಯಾವ ಸಾಮಾನನ್ನು ಅವರ ಕೈಗೆ ಕೊಟ್ಟರೂ ಒಂದು ಸಲ ಸವರಿ, ಇದು ಯಾವ ಕಾಲದ ಕಾರಿನದು ಅಂತ ಹೇಳುತ್ತಿದ್ದರು. ಹಾಗೆ ಹೇಳಿ ತಪ್ಪಿದ್ದನ್ನು ನಾನು ನೋಡಿಲ್ಲ.

ನನಗೆ ಅದೇ ಆಶ್ಚರ್ಯ. ಹೆಸರು ಒಂದೇ, ಏಟ್ ಹಂಡ್ರೆಡ್. ಅದು ಬೀದಿಗೆ ಬರುವಾಗ ಮಾತ್ರ ನಾಲ್ಕೈದು ಬೇರೆ ಬೇರೆ ಕಾರು. ಗುಜರಿಯವರು ಒಂದೊಂದಕ್ಕೂ ಒಂದೊಂದು ಹೆಸರು ಇಟ್ಟಿದ್ದರು. ಮೊದಲನೆಯದು ಚೌಕ ಇದ್ದದ್ದಕ್ಕೆ ಡಬ್ಬಾ. ಎರಡನೆಯದು ಮೂತಿ ಇಳಿಜಾರಾಗಿ, ಮೂಲೆಗಳು ದುಂಡಗಾದದ್ದಕ್ಕೆ ಗೋಲ್. ಈ ಹೆಸರುಗಳನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರುಮಾಡಿದೆ. ಯಾವುದರ ಬಾಗಿಲ ಹಿಡಿ ಯಾವುದಕ್ಕೆ ಕೂರುತ್ತದೆ, ಯಾವುದರ ಕನ್ನಡಿ ಯಾವುದಕ್ಕೆ ಆಗುವುದಿಲ್ಲ, ಎಲ್ಲ. ಉಸ್ತಾದ್ ನಗುತ್ತಿದ್ದರು. ನನ್ನನ್ನು ಅವರು ಅಂಜಿ ಅಂತ ಕರೆಯುತ್ತಿದ್ದರು.

"ಕ್ಯಾ ಅಂಜಿ, ನೀನ್ ಬರ್ಕೊಂಡಿದ್ದು ನಟ್ಟಿಗೆ ಗೊತ್ತಾಗ್ತದಾ? ಕೈಗೆ ಗೊತ್ತಿರ್ಬೇಕು ಮಿಯಾ, ಕೈಗೆ!"

ವನಜಾಕ್ಷಿ ಟೀಚರ್ ನನಗೆ ಸಿಕ್ಕಿದ್ದು ಆ ನೋಟ್‌ಬುಕ್ಕಿನಿಂದಲೇ. ಅವರು ಹಲಸೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದರು, ಮನೆ ಹೊಸ ತಿಪ್ಪಸಂದ್ರ. ಒಬ್ಬರೇ ಇದ್ದರು. ಅವರದ್ದು ಡಬ್ಬಾ, ಕೆನೆ ಬಣ್ಣದ್ದು. ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ತಮ್ಮ ಸಂಬಳದಲ್ಲಿ ತಾವೇ ಬರೆಸಿ, ಕಾದು, ತೆಗೆದುಕೊಂಡ ಕಾರು. ಒಂದು ದಿನ ಚೋಕ್ ಕೇಬಲ್ ಕೇಳಿಕೊಂಡು ಅಂಗಡಿಗೆ ಬಂದವರು, ಅದನ್ನು ಹುಡುಕಲು ನಾನು ತೆರೆದ ನೋಟ್‌ಬುಕ್ಕಿನೊಳಗೆ ಇಣುಕಿದರು.

"ಅಯ್ಯೋ, ಒಂದು ಲೈನಿಗೆ ಆರು ತಪ್ಪು. ಆದ್ರೆ ಚೆನ್ನಾಗಿದೆ ಕಣೋ. ಎಷ್ಟು ಓದಿದ್ದೀಯ?"

"ಐದನೇ ಕ್ಲಾಸು ಮೇಡಂ."

"ಎಸ್ಸೆಸ್ಸೆಲ್ಸಿಗೆ ಪ್ರೈವೇಟಾಗಿ ಕಟ್ಟು. ಭಾನುವಾರ ಮನೆಗೆ ಬಾ. ನಾನ್ ನಿಂಗೆ ಪಾಠ ಹೇಳ್ತೀನಿ, ನೀನ್ ನನ್ ಕಾರ್ ನೋಡ್ಕೋ."

ಹೀಗೆ ಭಾನುವಾರಗಳು ಶುರುವಾದವು. ಅವರು ಹಸುವಿನ ಮೇಲೆ, ದೀಪಾವಳಿಯ ಮೇಲೆ ಪ್ರಬಂಧ ಬರೆಸಲಿಲ್ಲ. "ನಿಂಗೆ ಗೊತ್ತಿರೋದನ್ನ ಬರಿ. ಡಬ್ಬಾದಿಂದ ಇವತ್ತಿನ ತನಕ ಈ ಕಾರ್ ಹೆಂಗೆ ಬದಲಾಯ್ತು, ಒಂದು ಪುಟ ಬರಿ" ಅಂದರು. ನಾನು ಅದೇ ನೋಟ್‌ಬುಕ್ಕಿನಲ್ಲಿ ಬರೆದೆ. ಡಬ್ಬಾದ ತಗಡು ತೆಳ್ಳಗೆ, ಬೆರಳಲ್ಲಿ ಬಡಿದರೆ ಬಿಸ್ಕತ್ತಿನ ಡಬ್ಬಿಯ ಸದ್ದು ಬರುತ್ತದೆ. ಗೋಲ್ ಬಂದಾಗ ಮೈ ಪೂರ್ತಿ ಬದಲಾಯಿತು, ಆದರೆ ಮೂರು ಸಿಲಿಂಡರಿನ ಎದೆ ಹೆಚ್ಚುಕಡಿಮೆ ಅದೇ ಉಳಿಯಿತು. ಬೀದಿಯಲ್ಲಿ ಎಲ್ಲಿ ನೋಡಿದರೂ ಕಾಣುವುದು ಈ ಗೋಲ್. ಆಮೇಲೆ ಸೀಸ ಇಲ್ಲದ ಪೆಟ್ರೋಲು ಬಂತು. ಆಗಿನ ಸೈಲೆನ್ಸರನ್ನು ಕೊಯ್ದರೆ ಒಳಗೆ ಜೇನುಗೂಡಿನಂಥ ಇಟ್ಟಿಗೆ ಸಿಗುತ್ತದೆ. ಅದಾದ ಮೇಲೆ ಕಪ್ಪು ಬಂಪರು ಹೋಗಿ ಮೈಬಣ್ಣದ ಬಂಪರು ಬಂತು. ಈಗ ಬರುತ್ತಿರುವುದಕ್ಕೆ ಕಾರ್ಬುರೇಟರೂ ಇಲ್ಲ, ಚೋಕ್ ಗುಂಡಿಯೂ ಇಲ್ಲ. ಒಂದು ಕಂಪ್ಯೂಟರಿನ ಪೆಟ್ಟಿಗೆ ಇದೆ. ಉಸ್ತಾದ್ ಅದನ್ನು ಸವರಿ ಏನೂ ಹೇಳದೆ ಕೆಳಗಿಟ್ಟರು.

ಕೊನೆಯ ವಾಕ್ಯ ಟೀಚರಿಗೆ ಹಿಡಿಸಿತು. ಅದರ ಕೆಳಗೆ ಗೆರೆ ಎಳೆದರು. ಅದಕ್ಕೂ ಮೇಲಿದ್ದ ಇನ್ನೊಂದು ವಾಕ್ಯವನ್ನು ಅವರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ. 'ಮುಂದಿನ ಗಾಜು ಎಲ್ಲಾ ಮಾದರಿಗೂ ಒಂದೇ' ಅಂತ ಬರೆದಿದ್ದೆ. ಪಕ್ಕದ ಅಂಗಡಿಯವನು ಟೀ ಕುಡಿಯುತ್ತಾ ಹೇಳಿದ್ದು. ಅಳೆದು ನೋಡಿರಲಿಲ್ಲ.

ಆ ಆಗಸ್ಟಿನಲ್ಲಿ ಟೀಚರ ಕಾರಿಗೆ ಹದಿನೈದು ವರ್ಷ ತುಂಬುತ್ತಿತ್ತು. ಹದಿನೈದು ತುಂಬಿದ ಕಾರನ್ನು ಆರ್‌ಟಿಓ ಆಫೀಸಿಗೆ ತೆಗೆದುಕೊಂಡು ಹೋಗಿ ತೋರಿಸಬೇಕು. ಪಾಸಾದರೆ ಮತ್ತೆ ಐದು ವರ್ಷ ಓಡಿಸಬಹುದು. ಇಲ್ಲದಿದ್ದರೆ ಅದು ಬಂದು ಸೇರುವುದು ನಮ್ಮ ಬೀದಿಗೇ. ಟೀಚರ ಜೊತೆಯವರೆಲ್ಲ, ಮಾರಿ ಹೊಸದು ತಗೊಳ್ರೀ ಅನ್ನುತ್ತಿದ್ದರು. ಟೀಚರ್ ಒಪ್ಪಲಿಲ್ಲ.

"ಮುಂದಿನ ಮೇನಲ್ಲಿ ನಂಗೆ ರಿಟೈರ್‌ಮೆಂಟು. ಮೊದಲ್ನೇ ದಿನ ಈ ಕಾರ್ ತಂದಾಗ ಸ್ಟಾಫ್ ರೂಮಲ್ಲಿ ಎಲ್ರೂ ನಕ್ಕಿದ್ರು, ಟೀಚರಮ್ಮ ಗೇಟಿಗೇ ಗುದ್ತಾಳೆ ಅಂತ. ಕೊನೇ ದಿನಾನೂ ಇದೇ ಕಾರಲ್ಲಿ ಅದೇ ಗೇಟಿಂದ ಆಚೆ ಬರ್ಬೇಕು ಕಣೋ. ಅಷ್ಟೇ ನನ್ ಆಸೆ."

ಕಾರು ಗಟ್ಟಿಯಾಗಿತ್ತು. ಒಂದೇ ತೊಂದರೆ, ಮಳೆ ಬಂದರೆ ಮುಂದಿನ ಗಾಜಿನ ಸಂದಿಯಿಂದ ನೀರು ಇಳಿದು ಟೀಚರ ಸೀರೆ ನೆನೆಯುತ್ತಿತ್ತು. ಗಾಜಿನ ಮೂಲೆಯಲ್ಲಿ ಒಂದು ಚಿಕ್ಕ ಏಟೂ ಬಿದ್ದಿತ್ತು. ಇನ್ಸ್‌ಪೆಕ್ಟರು ಅದನ್ನೇ ಹಿಡಿದುಕೊಂಡರೆ ಅಂತ ನನಗೆ ಯೋಚನೆ. ಉಸ್ತಾದರಿಗೆ ಹೇಳದೆ, ಒಂದು ಭಾನುವಾರ ಅಂಗಡಿಯಿಂದ ಗೋಲ್ ಕಾರಿನ ಒಳ್ಳೇ ಗಾಜೊಂದನ್ನು ಆಟೋದಲ್ಲಿ ತಬ್ಬಿಕೊಂಡು ತಿಪ್ಪಸಂದ್ರಕ್ಕೆ ಹೋದೆ. ಮಧ್ಯಾಹ್ನದೊಳಗೆ ಹಾಕಿಬಿಡ್ತೀನಿ ಟೀಚರ್ ಅಂದೆ. ಹಳೇ ಗಾಜಿನ ರಬ್ಬರಿಗೆ ಸ್ಕ್ರೂಡ್ರೈವರ್ ಹಾಕಿ ಮೀಟಿದೆ. ಒಮ್ಮೆ 'ಫಟ್' ಅಂತ ಸದ್ದಾಯಿತು. ಇಡೀ ಗಾಜು ಕಲ್ಲುಸಕ್ಕರೆಯ ಹಾಗೆ ಪುಡಿಪುಡಿಯಾಗಿ ಸೀಟಿನ ಮೇಲೆ ಸುರಿಯಿತು.

ಪರವಾಗಿಲ್ಲ, ಬೇರೆ ಇದೆಯಲ್ಲ ಅಂತ ತಂದಿದ್ದನ್ನು ಎತ್ತಿ ಹಿಡಿದೆ. ಮೇಲೆ ಕೂತರೆ ಕೆಳಗೆ ಕೂರುವುದಿಲ್ಲ. ಮೂಲೆಯಲ್ಲಿ ನನ್ನ ಕೈ ತೂರುವಷ್ಟು ಸಂದು. ತಿರುಗಿಸಿ ಹಿಡಿದೆ. ಗಾಜನ್ನು ತಿರುಗಿಸಿದರೆ ಏನಾಗುತ್ತದೆ, ನನಗೇ ಗೊತ್ತಿಲ್ಲ, ಆದರೂ ತಿರುಗಿಸಿದೆ.

ಟೀಚರ್ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಆರ್‌ಟಿಓಗೆ ಹೋಗಲು ಉಳಿದಿದ್ದದ್ದು ಒಂಬತ್ತು ದಿನ. ಅವರು ಬೈಯಲಿಲ್ಲ. ಒಳಗೆ ಹೋಗಿ ನನ್ನ ನೋಟ್‌ಬುಕ್ಕು ತಂದು, ಆ ವಾಕ್ಯ ಹುಡುಕಿ ತೆಗೆದು, "ಇದನ್ನ ಯಾರು ನೋಡಿ ಬರೆದ್ರು?" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಸೋಮವಾರ ಬೆಳಿಗ್ಗೆ ಉಸ್ತಾದರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು.

"ಡಬ್ಬಾಕ್ಕೆ ಗೋಲ್ ಗಾಜು! ಅರೇ, ನಂಗೆ ಕಣ್ಣಿಲ್ಲ, ನಿಂಗೆ ತಲೇನೂ ಇಲ್ವಾ? ರಬ್ಬರ್ ಎಲ್ಲಿದೆ? ಅದನ್ನೂ ಕೊಯ್ದು ಹಾಕ್ದಾ?"

"ಇಲ್ಲ ಉಸ್ತಾದ್, ರಬ್ಬರ್ ಹಂಗೇ ಇದೆ. ಗಟ್ಟಿಯಾಗ್ಬಿಟ್ಟಿದೆ."

"ತಗೊಂಡ್ ಬಾ. ಹರಳೆಣ್ಣೆ ತಗೊಂಡ್ ಬಾ."

ಟೀಚರ ಕಾರಿನ ರಬ್ಬರು ಹರಳೆಣ್ಣೆಯಲ್ಲಿ ಮುಳುಗಿ ಅಂಗಡಿಯ ಮೂಲೆಯಲ್ಲಿ ಕೂತಿತು. ಅದು ಮೆತ್ತಗಾಗುವುದರೊಳಗೆ ಗಾಜು ಸಿಗಬೇಕಿತ್ತು. ಡಬ್ಬಾ ಬಂದಿದ್ದೇ ಕೆಲವು ವರ್ಷ, ಉಳಿದದ್ದು ಅದಕ್ಕಿಂತ ಕಡಿಮೆ. ಗುಜರಿ ಬೀದಿಯ ಎರಡೂ ಕಡೆ ಕೇಳಿದೆ, ಇಲ್ಲ. ಮೂರನೇ ದಿನ ಒಬ್ಬ ಲಾರಿ ಡ್ರೈವರು, ಟಿನ್ ಫ್ಯಾಕ್ಟರಿ ದಾಟಿ ಕೆ.ಆರ್. ಪುರದ ಒಳಗೆ ಒಂದು ಮನೆಯ ಹಿತ್ತಲಲ್ಲಿ ಹೊಂಗೆ ಮರದ ಕೆಳಗೆ ಅಂಥದ್ದೊಂದು ನಿಂತಿದೆ, ಕೋಳಿ ಕೂಡಿಹಾಕ್ತಾರೆ ಅಂದ.

ಅಲ್ಲಿಗೆ ಹೋದದ್ದು ಟೀಚರ ಕಾರಿನಲ್ಲೇ. ಮುಂದೆ ಗಾಜಿಲ್ಲ. ಟೀಚರ್ ಮಳೆಕೋಟು ಹಾಕಿ, ಕನ್ನಡಕದ ಮೇಲೆ ನನ್ನ ಹೆಲ್ಮೆಟ್ ಏರಿಸಿಕೊಂಡು ಸ್ಟೇರಿಂಗ್ ಹಿಡಿದರು. ಪಕ್ಕದಲ್ಲಿ ಉಸ್ತಾದ್, ಗಡ್ಡ ಗಾಳಿಗೆ ಎರಡು ಸೀಳಾಗಿ ಹಾರುತ್ತಿತ್ತು. ಓಲ್ಡ್ ಮದ್ರಾಸ್ ರೋಡಿನಲ್ಲಿ ಬಸ್ಸಿನ ಕಂಡಕ್ಟರ್ ಬಗ್ಗಿ ನೋಡಿ, "ಏನ್ ಗುರೂ, ಗಾಜು ಮನೇಲಿ ಮರೆತ್ ಬಂದ್ರಾ?" ಅಂದ. ಟೀಚರ್ ತಿರುಗಿಯೂ ನೋಡದೆ, "ಹೌದಪ್ಪ, ತರೋಕೇ ಹೋಗ್ತಿದೀವಿ" ಅಂದರು.

ಆ ಮನೆಯ ಯಜಮಾನಿ ಪಿಳ್ಳಮ್ಮ. ಎಪ್ಪತ್ತರ ಹತ್ತಿರದ ಹೆಂಗಸು. ಗದ್ದೆ ಲೇಔಟಿಗೆ ಹೋದಾಗ ಗಂಡ ಕೊಂಡಿದ್ದ ಕಾರಂತೆ. ಅವರು ಹೋದ ಮೇಲೆ ಯಾರೂ ಓಡಿಸಲಿಲ್ಲ. ಮಕ್ಕಳಿಗೆ ದೊಡ್ಡ ಗಾಡಿಗಳಿದ್ದವು. ಕಾರಿನ ಟೈರು ಮಣ್ಣಿಗೆ ಇಳಿದಿತ್ತು, ಆದರೆ ಮುಂದಿನ ಗಾಜು ಇಡಿಯಾಗಿತ್ತು. ಒಳಗಿನಿಂದ ಯಾವುದೋ ಆಯುಧಪೂಜೆಗೆ ಇಟ್ಟ ಅರಿಶಿನದ ಮೂರು ಬೊಟ್ಟು ಗಾಜಿಗೆ ಕಚ್ಚಿಕೊಂಡಿತ್ತು. ಉಸ್ತಾದ್ ಗಾಜಿನ ಮೂಲೆಗಳನ್ನು ಎರಡು ಬೆರಳಲ್ಲಿ ಸವರಿ, "ಇದೇ" ಅಂದರು.

"ಗಾಜ್ ಬೇಕಾದ್ರೆ ತಗೊಳ್ಳಿ, ಕಾರೂ ತಗೊಂಡೋಗಿ. ಯಾರ್ ಬೇಡ ಅಂದ್ರು?" ಅಂದರು ಪಿಳ್ಳಮ್ಮ. "ಆದ್ರೆ ಈಗಲ್ಲ. ಇನ್ನ ಹದಿನೇಳ್ ದಿನ ಬಿಟ್ ಬನ್ನಿ."

"ಯಾಕಮ್ಮಾ?"

"ಒಳಗ್ ನೋಡ್ರಿ."

ಹಿಂದಿನ ಸೀಟಿನ ಮೇಲೆ ಹುಲ್ಲು ಹಾಸಿತ್ತು. ಅದರ ಮೇಲೆ ಕೆಂಪು ಹೇಂಟೆಯೊಂದು ಮೈ ಉಬ್ಬಿಸಿಕೊಂಡು ಕೂತಿತ್ತು. ಕಾವಿಗೆ ಕೂತು ನಾಲ್ಕು ದಿನ. ಕೆಳಗೆ ಹದಿಮೂರು ಮೊಟ್ಟೆ.

"ನಮಗಿರೋದು ಆರೇ ದಿನ" ಅಂದರು ಟೀಚರ್.

"ನಿಮ್ಗಿರೋದು ಆರ್ ದಿನ, ಅದಕ್ಕಿರೋದು ಹದಿನೇಳ್ ದಿನ. ನೀವ್ ಸುತ್ತಿಗೆ ತಗೊಂಡ್ ಬಡೀತೀರ. ಕೋಳಿ ಎದ್ದೋಯ್ತು ಅಂದ್ರೆ ಮೊಟ್ಟೆ ಎಲ್ಲ ತಣ್ಣಗಾಗೋಯ್ತದೆ. ಗುಡುಗಿಗೇ ಕೆಡ್ತವೆ ಅಂತ ಕೆಳಗೆ ಕಬ್ಬಿಣ ಇಟ್ಟಿವ್ನಿ."

ಉಸ್ತಾದ್ ಬಾಗಿಲ ಸಂದಿಯಿಂದ ಮೆಲ್ಲಗೆ ಕೈ ತೂರಿಸಿ, ಹುಲ್ಲಿನ ಅಂಚಿನಲ್ಲಿ ಕಾಣುತ್ತಿದ್ದ ಕಬ್ಬಿಣವನ್ನು ಮುಟ್ಟಿದರು. ಮುಖ ಅರಳಿತು. "ಇದು ಇದೇ ಕಾರಿನ ಚಕ್ರದ ಪಾನಾ, ಅಮ್ಮಾ. ಕಂಪನಿಯಿಂದ ಬಂದಿದ್ದು."

"ಹೂಂ ಮತ್ತೆ, ಮನೇಲಿ ಬೇರೆ ಕಬ್ಬಿಣ ಸಿಗ್ಲಿಲ್ಲ."

"ಅಮ್ಮಾ, ಸದ್ದು ಮಾಡೋಲ್ಲ. ಸುತ್ತಿಗೆ ಮುಟ್ಟೋಲ್ಲ. ಕೋಳಿ ಎದ್ರೆ ಗಾಜು ಬಿಟ್ಟು ಹೋಗ್ತೀನಿ. ನನ್ ಮಾತು."

ಪಿಳ್ಳಮ್ಮ ಅವರ ಬೆಳ್ಳಗಿನ ಕಣ್ಣುಗಳನ್ನು ನೋಡಿದರು. "ನಿಮ್ಗೆ ಕಣ್ಣೇ ಕಾಣ್ಸಲ್ವಲ್ರೀ ಸಾಬ್ರೇ."

"ಅದಕ್ಕೇ ಸದ್ದಾಗಲ್ಲ."

ಬಕೆಟ್ಟಿನಲ್ಲಿ ಬಟ್ಟೆ ಸೋಪು ಕರಗಿಸಿದೆವು. ಉಸ್ತಾದ್ ಹೊರಗೆ ನಿಂತು, ಬ್ಲೇಡನ್ನು ಸೋಪಿನ ನೀರಿಗೆ ಅದ್ದಿ ಅದ್ದಿ, ಆ ಕಾರಿನ ಒಣಗಿದ ರಬ್ಬರಿನ ಹೊರ ಅಂಚನ್ನು ಕೊಯ್ಯುತ್ತಾ ಹೊರಟರು. ಎಡಗೈಯ ಹೆಬ್ಬೆರಳು ಮುಂದೆ, ಅದರ ಹಿಂದೆ ಬ್ಲೇಡು. ನಾನು ಒಳಗೆ ಮುಂದಿನ ಸೀಟಿನಲ್ಲಿ ಗಾಜಿಗೆ ಎರಡೂ ಅಂಗೈ ಕೊಟ್ಟು ಕೂತೆ. ಬೆನ್ನ ಹಿಂದೆ ಒಂದು ಮೊಳ ದೂರದಲ್ಲಿ ಕೋಳಿ. ಕಾರಿನೊಳಗೆ ಬಿಸಿ, ಸೋಪು, ರಬ್ಬರು, ಗರಿ. ನಾನು ಸ್ವಲ್ಪ ಅಲುಗಿದರೂ 'ಕುರ್ರ್' ಅನ್ನುತ್ತಿತ್ತು. ಹೊರಗೆ ಟೀಚರು ಕೊಡೆ ಹಿಡಿದು ನಿಂತಿದ್ದರು, ಮಳೆಯಿರಲಿಲ್ಲ, ಕೊಡೆಯ ನೆರಳು ಕೋಳಿಯ ಮೇಲೆ ಬೀಳಲಿ ಅಂತ ಪಿಳ್ಳಮ್ಮ ಹಿಡಿಸಿದ್ದರು.

ಅರ್ಧ ಸುತ್ತು ಕೊಯ್ದ ಮೇಲೆ ಉಸ್ತಾದರ ಕೈ ನಿಂತಿತು. ಮೇಲಿನ ಮೂಲೆಯಲ್ಲಿ ರಬ್ಬರು ಗಾಜಿಗೆ ಅಂಟಿಕೊಂಡಿತ್ತು. ಇಲ್ಲಿ ನಾನಾಗಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟುತ್ತಿದ್ದೆ, ಮೀಟಿಯೂ ಇದ್ದೆ. ಉಸ್ತಾದ್ ಬ್ಲೇಡು ಕೆಳಗಿಟ್ಟು, ಸೋಪಿನ ನೀರನ್ನು ಬೆರಳಿನಿಂದ ತೊಟ್ಟು ತೊಟ್ಟಾಗಿ ಆ ಮೂಲೆಗೆ ಬಿಡುತ್ತಾ ನಿಂತರು. ಎಷ್ಟು ಹೊತ್ತು ಅಂದರೆ ಪಿಳ್ಳಮ್ಮ ಒಳಗೆ ಹೋಗಿ ಮುದ್ದೆಗೆ ಎಸರಿಟ್ಟು ಬಂದರು.

"ಏನ್ ಮಾಡ್ತಿದೀರ ಉಸ್ತಾದ್?" ಅಂತ ಪಿಸುಗುಟ್ಟಿದೆ.

"ಕಾಯ್ತಾ ಇದೀನಿ. ನಿನ್ ಹಿಂದೆ ಕೂತಿರೋದು ಏನ್ ಮಾಡ್ತಿದೆ? ಅದೇ."

ಆಮೇಲೆ ರಬ್ಬರು ತಾನಾಗಿ ಸಡಿಲವಾಯಿತು. "ಈಗ ಒತ್ತು. ಕೂಸನ್ನ ಒತ್ತೋ ಹಾಗೆ." ಒತ್ತಿದೆ. ಗಾಜು ಒಂದು ಉಸಿರು ಬಿಟ್ಟಂತೆ ಹೊರಗೆ ಬಂದು ಉಸ್ತಾದರ ಎದೆಗೆ ಒರಗಿತು. ಆಗ ಹಠಾತ್ತಾಗಿ ಒಳಗೆ ಬೆಳಕು, ಗಾಳಿ. ಕೋಳಿ ಕತ್ತು ಎತ್ತಿತು. ಎದ್ದು ನಿಂತಿತು.

ಉಸ್ತಾದರಿಗೆ ಕಾಣದು. "ಎದ್ತಾ?" ಅಂದರು. ನಾನು ಸುಳ್ಳು ಹೇಳಬಹುದಿತ್ತು. ಪಿಳ್ಳಮ್ಮ ಮತ್ತೆ ಒಲೆಯ ಕಡೆ ಹೋಗಿದ್ದರು. ನನ್ನ ನೋಟ್‌ಬುಕ್ಕಿನ ವಾಕ್ಯ ನೆನಪಾಯಿತು.

"ಎದ್ದಿದೆ ಉಸ್ತಾದ್."

ಅವರು ಗಾಜನ್ನು ತಬ್ಬಿಕೊಂಡೇ ತಲೆ ತಗ್ಗಿಸಿದರು. ಟೀಚರ್ ಕಣ್ಣು ಮುಚ್ಚಿದರು. ಪಿಳ್ಳಮ್ಮ ಓಡಿ ಬಂದು ಕಿಟಕಿಯಲ್ಲಿ ಇಣುಕಿದರು. ಕೋಳಿ ಒಂದು ಕಾಲೆತ್ತಿ, ಕೊಕ್ಕಿನಿಂದ ಒಂದೊಂದೇ ಮೊಟ್ಟೆಯನ್ನು ತಿರುವಿ, ಮೈ ಕೊಡವಿ, ಮತ್ತೆ ಕೂತಿತು.

ಪಿಳ್ಳಮ್ಮ ಸೊಂಟದ ಮೇಲೆ ಕೈಯಿಟ್ಟು ನಕ್ಕರು. "ಮೊಟ್ಟೆ ಮಗ್ಗಲು ತಿರುವೋಕೆ ಎದ್ದಿತ್ತು ಕಣ್ರಪ್ಪೋ! ದಿನಾ ಎದ್ದೇಳ್ತದೆ ಅದು. ಇಷ್ಟೂ ಗೊತ್ತಿಲ್ವಾ ಬೆಂಗಳೂರೋರಿಗೆ?" ಗಾಜು ಹೋದ ಜಾಗಕ್ಕೆ ಒಂದು ಗೋಣಿಚೀಲ ಕಟ್ಟಿಸಿ, ನಮ್ಮ ಮೂವರಿಗೂ ಮುದ್ದೆ ಸಾರು ಹಾಕಿ ಕಳಿಸಿದರು.

ಎಣ್ಣೆ ಕುಡಿದ ರಬ್ಬರು ಮೆತ್ತಗಾಗಿತ್ತು. ಅದನ್ನು ಗಾಜಿನ ಸುತ್ತ ತೊಡಿಸಿ, ಒಳಸೀಳಿನಲ್ಲಿ ಒಂದು ದಾರ ಸುತ್ತಿ, ಸೋಪಿನ ನೀರು ಬಳಿದು, ಚೌಕಟ್ಟಿಗೆ ಕೂರಿಸಿ, ಒಳಗಿನಿಂದ ದಾರ ಎಳೆಯುತ್ತಾ ಬಂದರೆ ರಬ್ಬರಿನ ತುಟಿ ತಾನಾಗಿ ತಗಡನ್ನು ಕಚ್ಚಿಕೊಳ್ಳುತ್ತದೆ. ದಾರ ಎಳೆದದ್ದು ನಾನು. ಉಸ್ತಾದ್ ಹೊರಗಿನಿಂದ ಅಂಗೈಯಲ್ಲಿ ತಟ್ಟುತ್ತಾ ಬಂದರು. ಆರ್‌ಟಿಓದಲ್ಲಿ ಇನ್ಸ್‌ಪೆಕ್ಟರು ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು, ಹಾರನ್ ಹೊಡೆಸಿದರು, ವೈಪರ್ ಆಡಿಸಿದರು. ಅರಿಶಿನದ ಬೊಟ್ಟು ನೋಡಿ, "ಹಬ್ಬಕ್ಕಿನ್ನೂ ಟೈಮಿದೆಯಲ್ಲ ಮೇಡಂ?" ಅಂದರು. ಸಹಿ ಹಾಕಿದರು.

ಹದಿನೇಳನೇ ದಿನಕ್ಕೆ ಪಿಳ್ಳಮ್ಮನಿಂದ ಸುದ್ದಿ ಬಂತು. ಹದಿಮೂರರಲ್ಲಿ ಹನ್ನೊಂದು ಮರಿ. ಕಾರು ತಗೊಂಡು ಹೋಗಿ, ಹಿಂದಿನ ಸೀಟು ಮಾತ್ರ ಬಿಟ್ಟು ಹೋಗಿ, ಕೋಳಿಗೆ ಅಭ್ಯಾಸ ಆಗಿದೆ ಅಂತ. ಆ ಕಾರನ್ನು ನಾನೇ ಬಿಚ್ಚಿದೆ. ಒಂದೊಂದು ಸಾಮಾನನ್ನೂ ಗೋಲ್ ಕಾರಿನದರ ಪಕ್ಕ ಇಟ್ಟು, ಅಳೆದು, ನೋಟ್‌ಬುಕ್ಕಿನಲ್ಲಿ ಬರೆದೆ. ಹಳೇ ತಪ್ಪು ವಾಕ್ಯವನ್ನು ಟೀಚರ್ ಹೊಡೆದು ಹಾಕಲು ಬಿಡಲಿಲ್ಲ. ಅದು ಹಾಗೇ ಇರಲಿ, ಸರಿಯಾದ್ದನ್ನು ಪಕ್ಕದಲ್ಲಿ ಬರಿ ಅಂದರು. ಬರೆದೆ: 'ಡಬ್ಬಾದ ಗಾಜಿನ ಜಾಗಕ್ಕೆ ಗೋಲ್ ಗಾಜು ಕೂರುವುದಿಲ್ಲ. ಒಡೆದು ನೋಡಿದ್ದೇನೆ.'

ಏಪ್ರಿಲಿನಲ್ಲಿ ಪರೀಕ್ಷೆ ಬರೆದೆ. ಕನ್ನಡದಲ್ಲಿ ಒಳ್ಳೇ ನಂಬರು ಬಂತು, ಗಣಿತ ಹೋಯಿತು. ಅದನ್ನು ಇನ್ನೊಂದು ಸಲ ಕಟ್ಟಿ ಪಾಸು ಮಾಡಿದೆ.

ಟೀಚರು ರಿಟೈರ್ ಆದ ಸಂಜೆ ನಮ್ಮಿಬ್ಬರನ್ನೂ ಶಾಲೆಗೆ ಕರೆಸಿದ್ದರು. ಹಾರ, ಹಣ್ಣಿನ ಬುಟ್ಟಿ, ಶಾಲು ಎಲ್ಲ ಹಿಂದಿನ ಸೀಟಿನಲ್ಲಿ ನನ್ನ ಮಡಿಲಿಗೆ ಬಂದವು. ಉಸ್ತಾದ್ ಮುಂದೆ ಕೂತರು. ಸ್ಟಾಫಿನವರೆಲ್ಲ ಮೆಟ್ಟಿಲ ಮೇಲೆ ನಿಂತಿದ್ದರು. ಟೀಚರ್ ಚೋಕ್ ಎಳೆದರು. ಅಷ್ಟರಲ್ಲಿ ಆಕಾಶ ಕಪ್ಪಾಗಿ, ಮೇ ತಿಂಗಳ ಆ ದಪ್ಪ ಹನಿಯ ಮಳೆ ಒಮ್ಮೆಲೇ ಸುರಿಯಿತು. ಮೆಟ್ಟಿಲ ಮೇಲಿದ್ದವರು ಒಳಗೆ ಓಡಿದರು. ನಮ್ಮ ಕಾರು ಗೇಟಿನ ಕಡೆ ಹೊರಟಿತು. ಗಾಜಿನ ತುಂಬ ನೀರು, ಎದುರಿಗೆ ಗೇಟಿನ ಎರಡು ಕಂಬ ಮಸಕು ಮಸಕು.

"ಎಡಕ್ಕೆ ಎಷ್ಟಿದೆ ನೋಡೋ, ಗುದ್ದಿದ್ರೆ ಅವರು ಹೇಳಿದ್ದೇ ನಿಜ ಆಗತ್ತೆ" ಅಂದರು ಟೀಚರ್. ಗುದ್ದಲಿಲ್ಲ. ಗೇಟು ದಾಟಿ ಹಲಸೂರಿನ ಬೀದಿಗೆ ಬಂದೆವು.

ಉಸ್ತಾದ್ ಆಗ ಕೈ ಮುಂದೆ ಚಾಚಿದರು. ಗಾಜಿನ ಒಳಗಿನ ರಬ್ಬರಿನ ಮೇಲೆ ಬೆರಳಿಟ್ಟು, ಕೆಳಗಿನ ಮೂಲೆಯಿಂದ ಮೇಲಕ್ಕೆ, ಅರಿಶಿನದ ಬೊಟ್ಟು ದಾಟಿ, ಟೀಚರ ಮುಂದೆ ಬಗ್ಗಿ, ಆ ಕಡೆಯ ಮೂಲೆ ಇಳಿದು, ಪೂರಾ ಒಂದು ಸುತ್ತು ಬಂದರು. ಹೊರಗೆ ಮಳೆ ಬಡಿಯುತ್ತಲೇ ಇತ್ತು. ಆಮೇಲೆ ಅದೇ ಕೈಯನ್ನು ಹಿಂದಕ್ಕೆ, ನನ್ನ ಕಡೆಗೆ ಚಾಚಿ, ಅಂಗೈ ಬಿಡಿಸಿದರು.

"ನೋಡಿ ಬರ್ಕೋ" ಅಂದರು.

ಮುಟ್ಟಿ ನೋಡಿದೆ. ಒಣಗಿತ್ತು.